ಕೇಳದೆ ಕೊಯ್ದ ಕಡ್ಡಿ

ಆ ಬೀದಿಯ ಟೈಲರಕ್ಕನ ಹತ್ತಿರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದವರು ತಮ್ಮ ಹಿತ್ತಿಲಿನ ಸಮಾಚಾರವನ್ನೆಲ್ಲ ಒಪ್ಪಿಸಿಯೇ ಹೊರಗೆ ಬರಬೇಕಿತ್ತು. ಅಳತೆಯ ಟೇಪು ಸೊಂಟ ಸುತ್ತುವಷ್ಟರಲ್ಲಿ ಒಂದು ಪ್ರಶ್ನೆ, ಬಿಚ್ಚುವಷ್ಟರಲ್ಲಿ ಇನ್ನೊಂದು. ನಿಮ್ಮ ಸೀಬೆ ಒಳಗೆ ಕೆಂಪೋ ಬಿಳಿಯೋ? ನಿಂಬೆಗೆ ರಸ ಜಾಸ್ತಿಯೋ ಬೀಜ ಜಾಸ್ತಿಯೋ? ಹೂವೆಲ್ಲ ಉದುರುತ್ತದೆ ಅಂದಿರಲ್ಲ, ಬೆಳಗ್ಗೆ ಉದುರುತ್ತದೋ ಸಂಜೆಯೋ? ಯಾವಾಗ ಉದುರಿದರೇನು ಎಂದು ಗಿರಾಕಿಗೆ ಅನಿಸಿದರೂ, ಗುಂಡುಸೂಜಿ ಅವಳ ಕೈಯಲ್ಲಿರುವಾಗ ವಾದಕ್ಕಿಳಿಯುವ ಧೈರ್ಯ ಯಾರಿಗಿದೆ? ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು. ಗಂಡ ಬಸ್ ಡ್ರೈವರ್. ದಿನವಿಡೀ ಹಾರನ್ ಕೇಳಿ ಬಂದವನಿಗೆ ಹೆಂಡತಿಯ ಪ್ರಶ್ನೆಗಳು ದೊಡ್ಡ ಸದ್ದೇನೂ ಆಗಿರಲಿಲ್ಲ. ಹೂಂ ಅನ್ನುತ್ತಲೇ ಅವನು ಊಟ ಮುಗಿಸುತ್ತಿದ್ದ.

ಹೊಲಿಗೆ ಯಂತ್ರ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಬೀದಿಯ ಕಡೆ ಇಟ್ಟರೆ ವ್ಯಾಪಾರಕ್ಕೆ ಒಳ್ಳೆಯದು ಎಂದು ಗಂಡ ಹೇಳಿ ಹೇಳಿ ಸೋತಿದ್ದ. ಹಿಂದಿನ ಕೋಣೆಗೆ ಕಿಟಕಿಯಿತ್ತು, ಕಿಟಕಿಯಾಚೆ ಹಿತ್ತಿಲಿತ್ತು, ಹಿತ್ತಿಲಿನ ನಡುವೆ ಅತ್ತೆಯ ಕಿತ್ತಳೆ ಮರವಿತ್ತು. ಕಾಲು ಪೆಡಲಿನ ಮೇಲೆ, ಕಣ್ಣು ಮರದ ಮೇಲೆ. ಹೀಗಾಗಿ ಎಡಗೈ ತೋಳು ಬಲಕ್ಕೂ ಬಲಗೈ ತೋಳು ಎಡಕ್ಕೂ ಸೇರಿಕೊಂಡು, ಬಿಚ್ಚಿ ಮತ್ತೆ ಹೊಲಿದ ಅಂಗಿಗಳು ಎಷ್ಟೋ.

ಅದು ಅಂಥಿಂಥ ಕಿತ್ತಳೆಯಲ್ಲ. ನೋಡಲು ಚೆಂದವೇನೂ ಇರಲಿಲ್ಲ. ಗಾತ್ರ ಸಣ್ಣದು, ಹಣ್ಣಾದ ಮೇಲೂ ತೊಟ್ಟಿನ ಸುತ್ತ ಹಸಿರು ಹೋಗುತ್ತಿರಲಿಲ್ಲ. ಆದರೆ ಸಿಪ್ಪೆಗೆ ಉಗುರು ತಾಗಿಸಿದರೆ ಸಾಕು, ಪಕ್ಕದ ಮನೆಯವರು ಆಡುತ್ತಿದ್ದ ಜಗಳ ನಿಲ್ಲಿಸಿ ಮೂಗರಳಿಸುತ್ತಿದ್ದರು. ತೊಳೆ ಬಾಯಲ್ಲಿಟ್ಟರೆ ಮೊದಲು ಸಿಹಿ, ನುಂಗುವ ಹೊತ್ತಿಗೆ ಚೂರು ಹುಳಿ, ಆಮೇಲೆ ಬಹಳ ಹೊತ್ತು ಏನೋ ಒಂದು. ಆ ಏನೋ ಒಂದು ಏನು ಎಂಬುದು ಟೈಲರಕ್ಕನ ತಲೆ ತಿನ್ನುತ್ತಿದ್ದ ಪ್ರಶ್ನೆ. ಎಷ್ಟು ಹಣ್ಣು ತಿಂದರೂ ಅದು ಬಗೆಹರಿದಿರಲಿಲ್ಲ.

ಹಣ್ಣಿನ ಕಾಲದಲ್ಲಿ ಅತ್ತೆಯ ಕೈ ಬಲು ಧಾರಾಳ. ಬೀದಿಯ ಒಂದು ಮನೆಯನ್ನೂ ಬಿಡದೆ ಕರೆದು ಕೊಡುವರು. ಬಂದವರು ಹಣ್ಣು ಹಿಡಿದುಕೊಂಡು ಹಾಗೇ ಎದ್ದು ಹೋಗುವಂತಿಲ್ಲ. ಜಗಲಿಯಲ್ಲಿ ಕೂತು, ತಿಂದು, ಹೊಗಳಿ, ಅವರಿವರ ಮನೆಯ ಸುದ್ದಿಯನ್ನು ಉಪ್ಪುಖಾರ ಹಚ್ಚಿ ಹೇಳಿ ಹೋಗಬೇಕು. ಆದರೆ ಕಸಿ ಕಟ್ಟಲು ಒಂದು ಕಡ್ಡಿ ಕೊಡಿ ಎಂದರೋ, ಅತ್ತೆಯ ಮುಖ ಬಿಗಿದುಕೊಳ್ಳುತ್ತಿತ್ತು.

"ಹಣ್ಣು ಎಷ್ಟು ಬೇಕಾದ್ರೂ ತಗೊಳ್ಳಿ. ಕಡ್ಡಿ ಮಾತ್ರ ಕೇಳ್ಬೇಡಿ."

ಆ ಹಣ್ಣಿನಲ್ಲಿ ಬೀಜವೇ ಇರುತ್ತಿರಲಿಲ್ಲ. ಮರ ಬೇಕೆಂದರೆ ಕಡ್ಡಿಯೇ ಗತಿ, ಕಡ್ಡಿಗೆ ಅತ್ತೆಯೇ ಗತಿ. ಬೀದಿಯವರು ಪ್ರತಿವರ್ಷ ಕೇಳುವರು, ಅತ್ತೆ ಪ್ರತಿವರ್ಷ ಇಲ್ಲವೆನ್ನುವರು. ಯಾರಿಗೂ ಬೇಜಾರಿಲ್ಲ, ಕೇಳುವವರು ಕೇಳುವುದನ್ನು ಬಿಡುವುದೂ ಇಲ್ಲ.

ಯಾಕೆ ಕೊಡುವುದಿಲ್ಲ? ಪ್ರಶ್ನೆಪತ್ರಿಕೆ ಕೇಳದೆ ಬಿಟ್ಟಾಳೆಯೇ? ಒಮ್ಮೆ ಅತ್ತೆಯ ತಲೆ ಬಾಚುತ್ತ, ಅವರು ತಿರುಗಿ ನೋಡಲಾಗದ ಹೊತ್ತು ನೋಡಿ ಕೇಳಿದಳು.

"ಎಲ್ಲರ ಹಿತ್ತಿಲಲ್ಲೂ ಇದ್ರೆ ನನ್ನ ಬಾಗಿಲಿಗೆ ಯಾರೇ ಬರ್ತಾರೆ?" ಎಂದರು ಅತ್ತೆ.

ನಗುತ್ತಲೇ ಹೇಳಿದರು. ಟೈಲರಕ್ಕನಿಗೆ ನಗು ಬರಲಿಲ್ಲ. ಇಡೀ ಬೀದಿಯನ್ನು ಗದರಿಸಿ ಮಾತಾಡಿಸುವ ಈ ಹೆಂಗಸಿನೊಳಗೆ ಇಂಥ ಭಯ ಇದ್ದೀತು ಎಂದು ಅವಳು ಎಣಿಸಿರಲಿಲ್ಲ. ಬಾಚಣಿಗೆಯನ್ನು ಇನ್ನಷ್ಟು ಮೆತ್ತಗೆ ಎಳೆದಳು.

ಕಸಿ ಕಟ್ಟುವುದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಬಸ್ ನಿಲ್ದಾಣದ ಹಿಂದೆ ಒಂದು ನರ್ಸರಿಯಿತ್ತು. ನೂಲು, ಗುಂಡಿ ತರಲು ಪೇಟೆಗೆ ಹೋದಾಗಲೆಲ್ಲ ಬಸ್ಸಿಗೆ ಕಾಯುವ ನೆಪದಲ್ಲಿ ನರ್ಸರಿಯವನ ಮುಂದೆ ಕುಕ್ಕರಗಾಲಲ್ಲಿ ಕೂರುವಳು. ಬಸ್ಸು ಬರುವುದು, ಹೋಗುವುದು. ಓರೆಯಾಗಿ ಯಾಕೆ ಕೊಯ್ತೀರಿ? ಎಲೆ ಕತ್ತರಿಸಿ ತೊಟ್ಟು ಯಾಕೆ ಬಿಡ್ತೀರಿ? ಕೊನೆಗೆ ಅವನು ರೋಸಿಹೋಗಿ ಬ್ಲೇಡನ್ನೇ ಅವಳ ಕೈಗೆ ಕೊಟ್ಟ.

"ನೀವೇ ಮಾಡಿ ನೋಡಿ ತಾಯಿ. ನನ್ನ ಪ್ರಾಣ ತಿನ್ಬೇಡಿ."

ಬೇರಿಗೆಂದು ನೆಟ್ಟ ಬುಡದ ಗಿಡದ ತೊಗಟೆಯನ್ನು ಸಣ್ಣದಾಗಿ ಸೀಳಬೇಕು. ಒಳ್ಳೆಯ ಮರದ ಕಡ್ಡಿಯಿಂದ ಒಂದು ಕಣ್ಣನ್ನು, ಅಂದರೆ ಎಲೆಯ ಸಂದಿಯಲ್ಲಿ ಮಲಗಿರುವ ಮೊಗ್ಗನ್ನು, ತೊಗಟೆ ಸಮೇತ ಎಬ್ಬಿಸಿ ಆ ಸೀಳಿನೊಳಗೆ ಜಾರಿಸಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಇದು ಕಾಜಾ ಕೊಯ್ದು ಗುಂಡಿ ತೂರಿಸಿದ ಹಾಗೆಯೇ ಅಲ್ಲವೇ ಎಂದು ಅವಳಿಗೆ ಖುಷಿಯಾಯಿತು. ಕಣ್ಣು ಹಿಡಿದು ಚಿಗುರಿದ ಮೇಲೆ ಬುಡದ ಗಿಡದ ತಲೆ ಕತ್ತರಿಸುವುದು. ಅಲ್ಲಿಂದಾಚೆ ಬೇರು ಒಂದರದು, ಹಣ್ಣು ಇನ್ನೊಂದರದು.

ಶುರುವಿನಲ್ಲಿ ಕಣ್ಣನ್ನು ತಲೆಕೆಳಗಾಗಿ ಕೂರಿಸಿದಳು. ಬಿಗಿಯಾಗಿ ಕಟ್ಟಿ ಉಸಿರುಗಟ್ಟಿಸಿದಳು. ಹಿಡಿಯಿತೋ ಇಲ್ಲವೋ ಎಂದು ದಿನಾ ಪಟ್ಟಿ ಬಿಚ್ಚಿ ನೋಡಿ ನೋಡಿಯೇ ಕೊಂದವಕ್ಕೆ ಲೆಕ್ಕವಿಲ್ಲ. ಒಂದು ದಿನ ಹುಳಿ ನಿಂಬೆಯ ಗಿಡದಲ್ಲಿ ಮೂಸಂಬಿಯ ಚಿಗುರು ಕಂಡಾಗ, ಹೊಲಿಯುತ್ತಿದ್ದ ಶಾಲೆಯ ಯೂನಿಫಾರ್ಮನ್ನು ಯಂತ್ರದಲ್ಲೇ ಬಿಟ್ಟು ಓಡಿಹೋಗಿ ಗಂಡನನ್ನು ಎಬ್ಬಿಸಿದಳು. ಅವನು ಕಣ್ಣುಜ್ಜಿಕೊಂಡು ನೋಡಿ, ಹೂಂ ಅಂದ. ಕ್ರಮೇಣ ಬೀದಿಯವರು ಹರಿದ ಪ್ಯಾಂಟಿನ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಯನ್ನೂ ತರತೊಡಗಿದರು. ಪ್ಯಾಂಟು ತಡವಾಗುತ್ತಿತ್ತು, ಕಡ್ಡಿಯ ಕೆಲಸ ಮಾತ್ರ ನಿಂತ ಕಾಲಲ್ಲೇ ಆಗುತ್ತಿತ್ತು.

ಇಡೀ ಬೀದಿಗೆ ಕಸಿ ಕಟ್ಟಿಕೊಡುವವಳಿಗೆ ತನ್ನ ಕಿಟಕಿಯ ಮುಂದಿನ ಮರದ ಕಡ್ಡಿ ಮಾತ್ರ ದಕ್ಕಲಿಲ್ಲ. ಅವಳೂ ಪ್ರತಿವರ್ಷ ಕೇಳುವಳು.

"ಅತ್ತೆ, ಒಂದೇ ಒಂದು ಕಡ್ಡಿ."

"ಮರಾನೇ ನಿನ್ನ ಹಿತ್ತಿಲಲ್ಲಿದೆಯಲ್ಲೇ, ಇನ್ನೊಂದು ಯಾಕೆ?"

ಪ್ರಶ್ನೆಪತ್ರಿಕೆಗೇ ತಿರುಗಿ ಪ್ರಶ್ನೆ ಬೀಳುತ್ತಿತ್ತು.

ಮರದ ತುದಿಯ ಒಂದು ಕೊಂಬೆ ಒಣಗಿದ ವರ್ಷ ಅವಳಿಗೆ ದಿಗಿಲು ಹತ್ತಿತು. ಇದು ಹೋದರೆ ಆ ರುಚಿ ಎಲ್ಲಿಂದ ತರುವುದು? ಇಂಥ ಹಣ್ಣು ಅವಳು ಬೇರೆಲ್ಲೂ ಕಂಡಿರಲಿಲ್ಲ, ನರ್ಸರಿಯವನೂ ಕಂಡಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಗೊರಕೆ ಹೊಡೆಯುತ್ತಿದ್ದಾಗ ಬೆಕ್ಕಿನ ಹೆಜ್ಜೆಯಿಟ್ಟು ಹಿತ್ತಿಲಿಗಿಳಿದಳು. ಏಣಿ ಹಾಕಿದರೆ ಸದ್ದಾಗುತ್ತದೆ. ಅದೃಷ್ಟಕ್ಕೆ ಬುಡದ ಹತ್ತಿರದಿಂದಲೇ ಹೊಸ ಕೊಂಬೆಗಳು ಎದ್ದು ಕೈಗೆಟಕುವಂತೆ ನಿಂತಿದ್ದವು, ಕೊಬ್ಬಿದ ಹೊಳೆಹೊಳೆವ ಎಲೆಗಳು. ಬಟ್ಟೆಯ ಕತ್ತರಿಯಿಂದಲೇ ಒಂದು ಕಡ್ಡಿ ಕೊಯ್ದಳು. ಮುಳ್ಳು ಚುಚ್ಚಿ ಹೆಬ್ಬೆರಳಿನಲ್ಲಿ ರಕ್ತ ಬಂತು. ಈ ಮರಕ್ಕೆ ಮುಳ್ಳಿತ್ತೇ ಎಂದು ಒಂದು ಗಳಿಗೆ ಅನಿಸಿತು. ಎಳೆಯ ಕೊಂಬೆ, ಇರುತ್ತದೆ ಎಂದು ತಾನೇ ಸಮಾಧಾನ ಮಾಡಿಕೊಂಡು ಒಳಗೆ ಓಡಿದಳು. ಎಲ್ಲದಕ್ಕೂ ಯಾಕೆ ಏನು ಎನ್ನುವವಳು ಆ ದಿನ ಹೆದರಿಕೆಗೆ ಹೆಚ್ಚು ಕೇಳಲಿಲ್ಲ.

ಆ ಕಡ್ಡಿಯ ಕಣ್ಣನ್ನು ಒಂದು ನಿಂಬೆ ಸಸಿಗೆ ಕೂರಿಸಿ, ಬಣ್ಣದ ಹಳೆಯ ಡಬ್ಬದಲ್ಲಿ ನೆಟ್ಟು, ಬೇರೆ ಡಬ್ಬಗಳ ನಡುವೆ ಮರೆಮಾಡಿದಳು. ಯಾರಾದರೂ ಕೇಳಿದರೆ ಮೂಸಂಬಿ ಎಂದರಾಯಿತು. ಅಂದಿನಿಂದ ಅತ್ತೆಯನ್ನು ಕಡ್ಡಿ ಕೇಳುವುದನ್ನೂ ಬಿಟ್ಟಳು. ಕದ್ದಿಟ್ಟುಕೊಂಡದ್ದನ್ನು ಎದುರು ನಿಂತು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ವರ್ಷಗಳು ಹೋದವು. ಮರ ಮೇಲಿನಿಂದ ಒಂದೊಂದೇ ಕೊಂಬೆಯಾಗಿ ಒಣಗುತ್ತ ಬಂತು. ಕೆಳಗಿನ ಕೊಂಬೆಗಳು ಮಾತ್ರ ಮದವೇರಿದಂತೆ ಬೆಳೆದವು. ಅತ್ತೆಗೆ ಸಂಭ್ರಮ. "ನೋಡೇ, ಮುದುಕಿಗೆ ಹೊಸ ಹಲ್ಲು ಬರ್ತಾ ಇದೆ" ಎನ್ನುವರು. ಕಡೆಗೆ ಮೇಲೆ ಹಸಿರೇ ಇಲ್ಲವಾಗಿ, ಗಂಡ ಗರಗಸ ತಂದು ಒಣಗಿದ್ದನ್ನೆಲ್ಲ ಕೊಯ್ದು ಹಾಕಿದ. ಆ ವರ್ಷ ಬೀದಿಗೆ ಹಣ್ಣಿರಲಿಲ್ಲ. ಜಗಲಿಗೂ ಯಾರೂ ಬರಲಿಲ್ಲ. ಅತ್ತೆ ಒಬ್ಬರೇ ಕೂತು, ಬೀದಿಯಲ್ಲಿ ಹೋಗುವವರನ್ನು ನೋಡಿ, ಎದ್ದು ಹಿತ್ತಿಲಿಗೆ ಬಂದು, ತಂಬಿಗೆಯಿಂದ ಆ ಕೊಂಬೆಗಳ ಬುಡಕ್ಕೆ ನೀರು ಹೊಯ್ಯುವರು. "ಬರೋ ವರ್ಷ ನೋಡು, ಹೇಗೆ ಬಿಡುತ್ತೆ." ಟೈಲರಕ್ಕನಿಗೆ ಅತ್ತೆಯನ್ನು ನೋಡಿ ಅಯ್ಯೋ ಪಾಪ ಅನಿಸುತ್ತಿತ್ತು. ಆದರೂ ಒಳಗೊಳಗೆ ಧೈರ್ಯವಿತ್ತು. ಅವಳ ಡಬ್ಬದ ಗಿಡ ಆಗಲೇ ಕಾಯಿ ಹಿಡಿದಿತ್ತು.

ಆ ಕಾಯಿಯನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಅದು ಹಳದಿಯಾಯಿತು, ಮುಂದಕ್ಕೆ 'ಕಿತ್ತಳೆ' ಬಣ್ಣಕ್ಕೆ ತಿರುಗಲಿಲ್ಲ. ಮೈಯೆಲ್ಲ ಗಂಟುಗಂಟು, ಸಿಪ್ಪೆ ಕಂಬಳಿಯಷ್ಟು ದಪ್ಪ. ಬಾಯಿಗಿಟ್ಟರೆ ಹುಳಿಗೆ ಕಣ್ಣಲ್ಲಿ ನೀರು ಬಂತು. ಒಳಗೆ ಬರೀ ಬೀಜ.

ಬೇರೆಯವರಾದರೆ ಗಿಡವನ್ನೇ ಕಿತ್ತೆಸೆಯುತ್ತಿದ್ದರು. ಅವಳು ಮಣೆ ಹಾಕಿಕೊಂಡು ಗಿಡದ ಮುಂದೆ ಕೂತಳು. ಇದು ಹೇಗಾಯಿತು? ಕಸಿ ಸತ್ತು ಬುಡದ ನಿಂಬೆಯೇ ಚಿಗುರಿತೇ? ಇಲ್ಲ, ತಾನು ಸೀಳಿದ ಕಲೆ ಇನ್ನೂ ಕಾಣುತ್ತಿತ್ತು, ಕೊಂಬೆ ಹೊರಟದ್ದು ಕೂರಿಸಿದ ಕಣ್ಣಿನಿಂದಲೇ. ಮಣ್ಣಿನ ದೋಷವೇ? ಮಣ್ಣು ಕೆಟ್ಟರೆ ಹಣ್ಣು ಸಪ್ಪೆಯಾದೀತು, ಬೀಜವಿಲ್ಲದ ಹಣ್ಣಿಗೆ ಬೀಜ ಬರುವುದಿಲ್ಲ. ಹಾಗಾದರೆ ಕಡ್ಡಿಯೇ ಬೇರೆ. ಅತ್ತೆಯ ಮರದಿಂದ ತನ್ನ ಕೈಯಾರೆ ಕೊಯ್ದ ಕಡ್ಡಿ ಬೇರೆ ಹೇಗಾದೀತು? ಯೋಚಿಸುತ್ತ ಯೋಚಿಸುತ್ತ ಹೆಬ್ಬೆರಳು ಉಜ್ಜಿಕೊಂಡಳು. ಮುಳ್ಳು ನೆನಪಾಯಿತು.

ಎದ್ದು ಹೋಗಿ ಅತ್ತೆಯ ಮರದ ಬುಡದ ಕಸ ಸರಿಸಿ, ಕಾಂಡದ ಮೇಲೆ ಅಂಗೈ ಆಡಿಸಿದಳು. ಮೊಣಕಾಲಿನ ಎತ್ತರದಲ್ಲಿ ಕೈಗೆ ಒಂದು ಏಣು, ಕಾಂಡದ ಸುತ್ತ ಉಬ್ಬಿದ ಗೆರೆಯಂಥದು, ಸಿಕ್ಕಿತು. ಅಲ್ಲಿಂದ ಮೇಲೆ ತೊಗಟೆ ನುಣುಪು, ಕೆಳಗೆ ಒರಟು. ಎರಡು ಥರದ ಬಟ್ಟೆ ಸೇರಿಸಿ ಹೊಲಿದ ಜಾಗದಂತಿತ್ತು. ಅತ್ತೆಯ ಮರವೂ ಕಸಿಯದೇ. ಎಂದೋ ಯಾರೋ ಹುಳಿ ಗಿಡದ ಬುಡಕ್ಕೆ ಈ ಕಿತ್ತಳೆಯನ್ನು ಕಟ್ಟಿದ್ದರು. ಏಣಿನ ಮೇಲಿದ್ದದ್ದೆಲ್ಲ ಒಣಗಿಹೋಗಿತ್ತು. ಹಸಿರಾಗಿ ಕೊಬ್ಬಿ ನಿಂತ ಕೊಂಬೆಗಳು ಒಂದೂ ಬಿಡದೆ ಏಣಿನ ಕೆಳಗಿನವು. ಅವಳು ಕದ್ದದ್ದು ಅದನ್ನೇ. ಅತ್ತೆ ದಿನಾ ನೀರು ಹೊಯ್ದು ಸಾಕುತ್ತಿದ್ದದ್ದೂ ಅದನ್ನೇ.

ಕಿತ್ತಳೆ ಸತ್ತಿತ್ತು. ಅವಳು ಅಲ್ಲೇ ಕುಸಿದು ಕೂತು ಅತ್ತಳು. ಮೇಲಿನ ಕೊಂಬೆ ಹಸಿರಿದ್ದಾಗ ಒಂದು ಏಣಿ ಹಾಕಲಾರದೆ ಹೋದೆನಲ್ಲ, ಕದಿಯುವುದಾದರೂ ನೆಟ್ಟಗೆ ಕದಿಯಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಅತ್ತೆಗೆ ಹೇಳಬೇಕು. ಹೇಗೆ ಹೇಳುವುದು? ಬೆಳಗಾದರೆ ಅವರು ತಂಬಿಗೆ ಹಿಡಿದು ಬರೋ ವರ್ಷ ಎನ್ನುವರು, ಇವಳು ಹೊಲಿಗೆಯ ನೆಪ ಹೇಳಿ ಒಳಗೆ ಹೋಗುವಳು.

ಹೀಗಿರುವಾಗ ಒಂದು ದಿನ ಕ್ಯಾಶಿಯರ್ ಮಾವನ ಮನೆಗೆ ಹೊಲಿದ ಪರದೆ ಕೊಡಲು ಹೋದಳು. ಬೀದಿಯ ಕೊನೆಯ ಮನೆ ಅವರದು. ಬ್ಯಾಂಕಿನಲ್ಲಿ ಕೂತಷ್ಟು ಕಾಲ ಕೈ ಶುದ್ಧವಾಗಿಟ್ಟುಕೊಂಡವರು ಎಂದು ಬೀದಿಯವರೆಲ್ಲ ಅವರನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು. ಹಾಡುಹಗಲಲ್ಲಿ ಮನೆಯ ಬಾಗಿಲು ಕಿಟಕಿ ಎಲ್ಲ ಹಾಕಿತ್ತು. ಯಾಕಿರಬಹುದು ಎಂದುಕೊಳ್ಳುತ್ತಿರುವಾಗಲೇ ಬಾಗಿಲಿನ ಸಂದಿಯಿಂದ ಬಂದ ಗಾಳಿಗೆ ಅವಳ ಮೂಗರಳಿತು. ಅದೇ ವಾಸನೆ. ಪ್ರತಿವರ್ಷ ಈ ಹೊತ್ತಿಗೆ ಬೀದಿ ತುಂಬ ಇರುತ್ತಿದ್ದ ವಾಸನೆ, ಈ ವರ್ಷ ಎಲ್ಲೂ ಇರಬಾರದಿದ್ದ ವಾಸನೆ.

ಬಾಗಿಲು ತಟ್ಟಿದಳು. ಒಳಗೆ ಏನೋ ಉರುಳಿದ ಸದ್ದು, ನೀರು ಸುರಿದ ಸದ್ದು. ಬಾಗಿಲು ತೆರೆದಾಗ ಮನೆಯೆಲ್ಲ ಫಿನಾಯಿಲ್ ನಾತ. ಕ್ಯಾಶಿಯರ್ ಮಾವ ಒದ್ದೆ ಕೈ ಒರೆಸಿಕೊಳ್ಳುತ್ತಿದ್ದರು.

"ಏನು ತಿಂತಾ ಇದ್ರಿ ಮಾವ?"

"ನಾನಾ? ಏನಿಲ್ಲಮ್ಮ. ಬಿಸ್ಕತ್ತು."

"ಬಿಸ್ಕತ್ತಿಗೆ ನಾರಿರುತ್ತಾ?"

ಅಂಗಿಯ ಗುಂಡಿಯ ಪಕ್ಕದಲ್ಲಿ ಕಿತ್ತಳೆಯ ಬಿಳಿ ನಾರು ಅಂಟಿಕೊಂಡಿತ್ತು. ಅವರು ಅದನ್ನು ನೋಡಿದರು, ಅವಳನ್ನು ನೋಡಿದರು, ಕುರ್ಚಿಯಲ್ಲಿ ಕೂತುಬಿಟ್ಟರು.

"ಯಾರಿಗೂ ಹೇಳ್ಬೇಡ ತಾಯಿ. ಬಾ."

ನೀರಿನ ತೊಟ್ಟಿಯ ಹಿಂದೆ, ತಗಡಿನ ಮರೆಯಲ್ಲಿ, ಒಂದು ಕಿತ್ತಳೆ ಮರ ಮೈತುಂಬ ಹಣ್ಣು ಹೊತ್ತು ನಿಂತಿತ್ತು. ತೊಟ್ಟಿನ ಸುತ್ತ ಹಸಿರು. ಕೊಂಬೆಯ ಮೇಲೆ ಕೈಯಾಡಿಸಿದಳು. ಮುಳ್ಳಿಲ್ಲ.

"ಟಿವಿ ಆಂಟೆನಾ ಇದ್ದ ಕಾಲ. ತಿರುಗಿಸಿಕೊಡಿ ಅಂತ ನಿಮ್ಮತ್ತೆ ನನ್ನನ್ನ ನಿಮ್ಮ ಮನೆ ಮಾಳಿಗೆ ಹತ್ತಿಸಿದ್ರು. ಕೆಳಗಿಂದ ಬಂತು, ಬಂತು, ಹೋಯ್ತು ಅಂತ ಕೂಗ್ತಾ ಇದ್ರು. ಮರದ ತುದಿ ನನ್ನ ಮೂಗಿಗೆ ತಾಗ್ತಿತ್ತು. ಒಂದು ಕೈಲಿ ಆಂಟೆನಾ ಹಿಡಿದಿದ್ದೆ. ಇನ್ನೊಂದು ಕೈ ಏನು ಮಾಡ್ತೋ ನಂಗೇ ಗೊತ್ತಿಲ್ಲಮ್ಮ." ಕಡ್ಡಿಯನ್ನು ಊಟದ ಡಬ್ಬಿಯಲ್ಲಿಟ್ಟು ನರ್ಸರಿಗೆ ಒಯ್ದು ಕಸಿ ಕಟ್ಟಿಸಿದ್ದರು. "ಅವತ್ತಿಂದ ಒಂದು ಹಣ್ಣೂ ನೆಮ್ಮದಿಯಾಗಿ ತಿಂದಿಲ್ಲ. ಕಿಟಕಿ ಹಾಕ್ಬೇಕು, ಬಚ್ಚಲಲ್ಲಿ ನಿಂತು ತಿನ್ಬೇಕು, ಸಿಪ್ಪೆ ಹೂತು ಹಾಕ್ಬೇಕು. ಹಂಚೋಣ ಅಂದ್ರೆ ಹಂಚೋ ಹಾಗಿಲ್ಲ."

ಟೈಲರಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ನೀವು ಕದ್ದಿದ್ದು ಎಷ್ಟು ಒಳ್ಳೇದಾಯ್ತು ಮಾವ" ಎಂದಳು. "ನಾನೂ ಕದ್ದೆ. ಕೆಳಗಿಂದ ಕದ್ದು ಕೆಟ್ಟೆ." ಕ್ಯಾಶಿಯರ್ ಮಾವ ತಾವೇ ಒಂದು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಎರಡು ಹಣ್ಣಿನ ಜೊತೆ ಅವಳ ಚೀಲಕ್ಕೆ ಹಾಕಿದರು. ಹೆಸರು ಮಾತ್ರ ಹೇಳಬೇಡ ಎಂದು ಗೇಟಿನವರೆಗೂ ಬಂದು ಬೇಡಿಕೊಂಡರು.

ಅತ್ತೆ ಹಿತ್ತಿಲಲ್ಲಿ ನೀರು ಹೊಯ್ಯುತ್ತಿದ್ದರು. ಟೈಲರಕ್ಕ ಅವರ ಕೈ ಹಿಡಿದು ಕಾಂಡದ ಏಣಿನ ಮೇಲೆ ಇಟ್ಟಳು. ಮೇಲೆ ಸವರಿಸಿದಳು, ಕೆಳಗೆ ಸವರಿಸಿದಳು. ಆಮೇಲೆ ಏಣಿನ ಕಥೆಯನ್ನೆಲ್ಲ ಹೇಳಿದಳು. ತಾನು ಕದ್ದ ಕಡ್ಡಿಯ ವಿಷಯಕ್ಕೆ ಇನ್ನೂ ಬಂದಿರಲಿಲ್ಲ. ಅತ್ತೆ ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಹಾಗಾದ್ರೆ ಇದು ಹುಳಿ."

"ಹೂಂ ಅತ್ತೆ."

ಅತ್ತೆ ತಂಬಿಗೆ ಕೆಳಗಿಟ್ಟರು. "ಹೋಗ್ಲಿ ಬಿಡು. ನಿನ್ನ ಡಬ್ಬದಲ್ಲಿ ಇದೆಯಲ್ಲ."

"ನಿಮಗೆ ಗೊತ್ತಿತ್ತಾ?"

"ವರ್ಷಾ ವರ್ಷಾ ಪ್ರಾಣ ತಿಂತಿದ್ದವಳು ಒಂದು ವರ್ಷ ಕೇಳೋದೇ ನಿಲ್ಲಿಸಿದೆ. ಕೇಳದೆ ಇರೋಳೇನೇ ನೀನು? ಸಿಕ್ಕಿದೆ ಅಂತ ಅವತ್ತೇ ಗೊತ್ತಾಯ್ತು. ಇಲ್ದಿದ್ರೆ ಮೇಲಿಂದೆಲ್ಲ ಒಣಗ್ತಾ ಇರೋವಾಗ ನಾನು ಹೀಗೆ ಧೈರ್ಯವಾಗಿ ಕೂತಿರ್ತಿದ್ನಾ?"

ಬೈಗುಳ ತಿನ್ನಲು ಸಿದ್ಧವಾಗಿ ಬಂದವಳಿಗೆ ಈ ನಂಬಿಕೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. "ನಾನು ಕೊಯ್ದಿದ್ದೂ ಕೆಳಗಿಂದಲೇ ಅತ್ತೆ. ಅದೂ ಹುಳಿ" ಎಂದಳು. ಅತ್ತೆಯ ಮುಖ ಅಷ್ಟು ಬರಿದಾದದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಅವಸರವಾಗಿ ಚೀಲದಿಂದ ಹಣ್ಣು ತೆಗೆದು ಅವರ ಅಂಗೈಯಲ್ಲಿಟ್ಟಳು.

ಅತ್ತೆ ಸಿಪ್ಪೆಗೆ ಉಗುರು ತಾಗಿಸಿದರು. ಮೂಸಿದರು. ಒಂದು ತೊಳೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಕ್ಯಾಶಿಯರಪ್ಪನ ಮನೇದು."

"ಅವರ ಹೆಸರು ನಾನು ಹೇಳ್ಲಿಲ್ಲ."

"ನೀನ್ಯಾಕೆ ಹೇಳ್ಬೇಕು? ಈ ಬೀದೀಲಿ ಕೇಳೋದು ಬಿಟ್ಟವರು ನೀವಿಬ್ರೇ."

"ಗೊತ್ತಿದ್ದೂ ಯಾಕತ್ತೆ ಸುಮ್ನಿದ್ರಿ?"

ಅತ್ತೆ ತೊಳೆ ನುಂಗಿದರು. "ಕೊಡೋಕೆ ನನ್ನ ಕೈಲಾಗ್ಲಿಲ್ಲ ಕಣೇ. ಕದಿಯೋರನ್ನ ತಡೆಯೋಕೂ ಮನಸ್ಸಾಗ್ಲಿಲ್ಲ."

ಟೈಲರಕ್ಕ ಕಣ್ಣೊರೆಸಿಕೊಂಡು ಬ್ಲೇಡು, ಪಟ್ಟಿ ತಂದಳು. ಹುಳಿಯ ಬೇರು ಗಟ್ಟಿಯಾಗಿದೆ, ಆ ಕೊಬ್ಬಿದ ಕೊಂಬೆಗಳಿಗೇ ಕಣ್ಣು ಕೂರಿಸಿದರೆ ಅದೇ ಜಾಗದಲ್ಲಿ ಅದೇ ಮರ. ಒದ್ದೆ ಬಟ್ಟೆ ಬಿಚ್ಚಿ ಕಡ್ಡಿ ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ ಕೈ ಚಾಚಿದರು.

"ಅದನ್ನ ಇಲ್ಲಿ ಕೊಡು."

ಕೊಟ್ಟಳು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಗ ಕೇಳು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬ್ಲೇಡು ಕೆಳಗಿಟ್ಟು ನೆಟ್ಟಗೆ ನಿಂತಳು.

"ಅತ್ತೆ, ಒಂದು ಕಡ್ಡಿ ಕೊಡ್ತೀರಾ?"

"ತಗೋ," ಎಂದು ಅತ್ತೆ ಕಡ್ಡಿಯನ್ನು ಅವಳ ಕೈಗಿಟ್ಟರು. "ಇದು ಬೆಳೆದ ಮೇಲೆ ಬೀದಿಯವರಿಗೂ ಹೇಳು, ಬಂದು ಕೇಳ್ಲಿ. ಜಗಲೀಲಿ ಕೂತು ಕೇಳ್ಲಿ."

ತೊಗಟೆ ಸಲೀಸಾಗಿ ಎದ್ದಿತು. ಕಣ್ಣು ಸೀಳಿನೊಳಗೆ ಜಾರಿ ಕೂತಿತು. ಪಟ್ಟಿ ಬಿಗಿಯುವಾಗ ಅತ್ತೆ ಅದರ ತುದಿ ಹಿಡಿದುಕೊಂಡು, ದಿನಾ ಬಿಚ್ಚಿ ನೋಡ್ಬೇಡ ಎಂದು ಎಚ್ಚರಿಸಿದರು. ಆಮೇಲೆ ನೆನಪಾದವರಂತೆ ಅಂದರು:

"ಕ್ಯಾಶಿಯರಪ್ಪಂಗೂ ಹೇಳಿ ಬಾ. ಕಿಟಕಿ ತೆಗೆದು ತಿನ್ನೋಕೆ ಹೇಳು."

ಅವಳು ಹೋಗಿ ಹೇಳಿ ಬಂದು ಯಂತ್ರದ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಿಂದ ಕಿತ್ತಳೆಯ ವಾಸನೆ ಬಂತು.